ಹಿತ್ತಿಲಿನ ಕೆಲಸಕ್ಕೆ ಅಗೆಯುವ ಯಂತ್ರ

ಮಳೆಗಾಲವು ಹಿಂದೆಗೆದು ನೆಲದ ತೇವವು ಆರುತ್ತ ಬಂದಿತೆಂದರೆ, ನಮ್ಮ ವಾಚಕಮಹಾಶಯರ ಪತ್ರಗಳಲ್ಲಿ ಮಣ್ಣಿನ ಮಾತು ಹೆಚ್ಚುವುದು ವಾಡಿಕೆ. ಈ ಸಲ ಬಂದವುಗಳಲ್ಲಿ ಮೂರು ಪತ್ರಗಳು ಹೆಚ್ಚು ಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತವೆ. ಒಬ್ಬರಿಗೆ ತೋಟದಂಚಿನಲ್ಲಿ ಹೂಳು ತುಂಬಿದ ಅಗಳನ್ನು ಬಿಡಿಸಬೇಕಾಗಿದೆ. ಇನ್ನೊಬ್ಬರಿಗೆ ಇಂಗುಗುಂಡಿಗಳನ್ನು ತೋಡಿಸುವ ಮನಸ್ಸಾಗಿದೆ. ಮೂರನೆಯವರು ಕಾರನ್ನು ನಿಲ್ಲಿಸುವಷ್ಟು ಜಾಗಕ್ಕಾಗಿ ಮನೆಯ ಹಿಂದಣ ಧರೆಯನ್ನು ಕಡಿಸುವ ಯೋಚನೆಯಲ್ಲಿದ್ದಾರೆ. ಗುದ್ದಲಿ ಹಿಡಿಯುವ ಆಳುಗಳು ದೊರೆಯುವುದಿಲ್ಲವಾದ ಕಾರಣ ಮೂವರೂ ಯಂತ್ರದ ಕಡೆಗೆ ನೋಡುತ್ತಿದ್ದಾರೆ. ಸಣ್ಣ ಯಂತ್ರ ಸಾಕೆ, ಎಷ್ಟು ಸಣ್ಣದು, ಬಾಡಿಗೆಗೆ ತರಿಸುವುದೊಳ್ಳೆಯದೆ, ಕೊಂಡುಬಿಡುವುದೊಳ್ಳೆಯದೆ ಎಂದು ಕೇಳಿದ್ದಾರೆ. ನಾವು ಯಂತ್ರಶಾಸ್ತ್ರಜ್ಞರಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ಕೆಟ್ಟು ಇನ್ನೊಮ್ಮೆ ಬುದ್ಧಿ ಕಲಿತವರಾದುದರಿಂದ ಹೇಳುವುದಕ್ಕೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿ ಬರೆಯುತ್ತೇವೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ರಬ್ಬರಿನ ಗಾಲಿಗಳ ಮೇಲೆ ಓಡುವ, ಮುಂದುಗಡೆ ಮಣ್ಣು ಬಾಚುವ ಅಗಲವಾದ ಬಕೆಟ್ಟನ್ನೂ ಹಿಂದುಗಡೆ ಅಗೆಯುವ ತೋಳನ್ನೂ ಹೊತ್ತಿರುವ ಯಂತ್ರಕ್ಕೆ, ಅದನ್ನು ಯಾವ ಕಂಪನಿಯವರೇ ಮಾಡಿರಲಿ, ನಮ್ಮ ಜನ ‘ಜೆಸಿಬಿ’ ಎನ್ನುತ್ತಾರೆ. ಚೈನಿನ ಮೇಲೆ ತೆವಳುವ, ಮೇಲ್ಭಾಗವೆಲ್ಲ ಸುತ್ತಲೂ ತಿರುಗುವ ಯಂತ್ರಕ್ಕೆ ‘ಹಿಟಾಚಿ’ ಎನ್ನುತ್ತಾರೆ. ಮೊದಲನೆಯದು ೧೯೪೫ರಲ್ಲಿ ಇಂಗ್ಲೆಂಡಿನ ಉಟಾಕ್ಸಿಟರ್ ಎಂಬ ಪಟ್ಟಣದಲ್ಲಿ ಉದ್ಯೋಗವನ್ನಾರಂಭಿಸಿದ ಜೋಸೆಫ್ ಸಿರಿಲ್ ಬ್ಯಾಂಫರ್ಡ್ ಎಂಬವರ ಹೆಸರಿನ ಮೂರು ಮೊದಲಕ್ಷರಗಳು. ಎರಡನೆಯದು ಜಪಾನು ದೇಶದ ಒಂದು ಊರಿನ ಹೆಸರು. ಅದನ್ನು ಬರೆಯುವ ಎರಡು ಚಿಹ್ನೆಗಳಲ್ಲಿ ಮೊದಲನೆಯದಕ್ಕೆ ಸೂರ್ಯನೆಂಬ ಅರ್ಥವಂತೆ. ಆ ಹೆಸರಿನ ಯಂತ್ರಗಳನ್ನು ತಯಾರಿಸುವ ಟಾಟಾ ಹಿಟಾಚಿ ಕಂಪನಿಯ ಕಾರ್ಖಾನೆಯೊಂದು ನಮ್ಮ ಧಾರವಾಡದಲ್ಲಿಯೇ ಇದೆ. ಅಂಕಿತನಾಮವು ರೂಢನಾಮವಾಗುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆಗಳು ನಾವು ವ್ಯಾಕರಣವನ್ನು ಹೇಳಿಕೊಡುತ್ತಿದ್ದ ದಿನಗಳಲ್ಲಿ ಹೊಳೆಯಲಿಲ್ಲವೆಂದು ವಿಷಾದವಾಗುತ್ತದೆ. ಅಗೆಯುವ ಸಾಧನಕ್ಕೆ ಸಂಸ್ಕೃತದಲ್ಲಿ ಖನಿತ್ರವೆಂದು ಹೆಸರು. ಅಮರಕೋಶವು ಅದಕ್ಕೆ ಅವದಾರಣವೆಂಬ ಮತ್ತೊಂದು ಪದವನ್ನು ಕೊಡುತ್ತದೆ. ಅವದಾರಣವೆಂದರೆ ಸೀಳುವಂಥದು. ಈ ಎರಡನೆಯ ಹೆಸರೇ ನಮ್ಮ ಕಥೆಗೆ ಹೆಚ್ಚು ಒಪ್ಪುತ್ತದೆ.

ಆ ಕಥೆಯನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಮೂರನೆಯ ಪತ್ರದ ಮಹನೀಯರು ನಾವು ೨೦೧೯ರಲ್ಲಿ ಎಲ್ಲಿ ನಿಂತಿದ್ದೆವೋ ಸರಿಯಾಗಿ ಅಲ್ಲಿಯೇ ಇಂದು ನಿಂತಿದ್ದಾರೆ.

ನಮ್ಮ ಮನೆ ಘಟ್ಟದ ಬುಡದ ಸೀಮೆಯಲ್ಲಿದೆ. ಹಿಂದುಗಡೆ ಗುಡ್ಡ, ಗುಡ್ಡವನ್ನು ಕಡಿದು ಹಿರಿಯರು ಮಾಡಿದ ಮಟ್ಟಸವಾದ ಜಾಗದಲ್ಲಿ ಮನೆ. ಮನೆಗೂ ಧರೆಗೂ ನಡುವೆ ಹಿರಿಯರು ಹನ್ನೆರಡು ಹೆಜ್ಜೆಗಳಷ್ಟು ಎಡೆಯನ್ನು ಬಿಟ್ಟಿದ್ದರು, ಧರೆಯನ್ನೂ ನೆಟ್ಟಗೆ ಕಡಿಯದೆ ಹಿಂದಕ್ಕೆ ವಾಲಿಸಿದ್ದರು. ನಮಗೆ ಅದು ಸುಮ್ಮನೆ ವ್ಯರ್ಥವಾದ ಸ್ಥಳವಾಗಿ ಕಂಡಿತು. ಆ ವರ್ಷ ಏಪ್ರಿಲ್ ತಿಂಗಳಲ್ಲಿ ಊರಿನ ರಸ್ತೆಯ ಕೆಲಸಕ್ಕೆಂದು ಇಪ್ಪತ್ತು ಟನ್ನಿನ ದೊಡ್ಡ ಹಿಟಾಚಿಯೊಂದು ಬಂದಿತ್ತು. ಸಂಜೆಯ ಮೇಲೆ ಮೂರು ಗಂಟೆಗಳ ಕಾಲ ನಮ್ಮಲ್ಲಿಗೆ ಬರಲು ಒಪ್ಪಿತು. ಬೇರೆ ಕಡೆಯಿಂದ ತರಿಸುವ ಲಾರಿಯ ಖರ್ಚಿಲ್ಲವೆಂದು ನಮಗೆ ಸಂತೋಷ. ಹೆಬ್ಬಾಗಿಲಿನ ಒಂದು ಕಂಬವನ್ನು ತೆಗೆಯದೆ ಅದು ಒಳಗೆ ಬರುವಂತಿರಲಿಲ್ಲ, ತೆಗೆದೆವು. ಅಂಗಳದ ಮೂಲೆಯಲ್ಲಿ ಹೂತಿದ್ದ ನೀರಿನ ಪೈಪು ಚೈನಿನ ಭಾರಕ್ಕೆ ಒಡೆಯಿತು, ಒಡೆಯಲಿ ಎಂದೆವು. ಮೂರು ಗಂಟೆಗಳಲ್ಲಿ ಹದಿನಾಲ್ಕು ಅಡಿ ಎತ್ತರದ ಧರೆ ಗೋಡೆಯಂತೆ ನೆಟ್ಟಗಾಯಿತು. ಸೊಗಸಾಗಿ ಕಾಣುತ್ತಿತ್ತೆಂದೇ ಹೇಳಬೇಕು. ಬಂದವರಿಗೆಲ್ಲ ತೋರಿಸಿದೆವು.

ನಮ್ಮ ಸೀಮೆಯ ನೆಲದ ಗುಣವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೇಲ್ಗಡೆ ಕೆಂಪಾದ ಜಂಬಿಟ್ಟಿಗೆಯ ಪದರ. ಗಾಳಿಬಿಸಿಲು ತಾಗಿದಷ್ಟೂ ಅದು ಗಟ್ಟಿಯಾಗುತ್ತದೆ. ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಅದರ ಕೆಳಗೆ ಬಿಳಿ ಹಳದಿ ನಸುಗೆಂಪು ಬಣ್ಣಗಳು ಬೆರೆತ ನಯವಾದ ಶೇಡಿಮಣ್ಣು. ಒಣಗಿರುವಾಗ ಅದೂ ಕಲ್ಲಿನಂತೆಯೇ ತೋರುವುದು. ನೀರನ್ನು ಕುಡಿದ ಮೇಲೆ ಮಾತ್ರ ಅದರ ಬಿಗುವೆಲ್ಲ ಹೋಗಿ ಬಿಡುತ್ತದೆ. ಕೈಗುದ್ದಲಿಯಿಂದ ಕಡಿಯುವ ಆಳು ಶೇಡಿ ಬಂದೊಡನೆ ನಿಂತು ಕೇಳುತ್ತಿದ್ದನು. ದೊಡ್ಡ ಯಂತ್ರದ ಬಕೆಟ್ಟಿಗೆ ಜಂಬಿಟ್ಟಿಗೆಯೂ ಒಂದೇ, ಶೇಡಿಯೂ ಒಂದೇ. ನಾವೂ ಅಂದು ಆ ಬಣ್ಣವನ್ನು ನೋಡಿ ಅಂದವಾಗಿದೆಯೆಂದೆವೇ ಹೊರತು ಬೇರೆ ಏನನ್ನೂ ಯೋಚಿಸಲಿಲ್ಲ.

ಆಗಸ್ಟ್ ತಿಂಗಳ ಮಳೆಯಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಧರೆಯು ಕುಸಿಯಿತು. ಕಟ್ಟಿಗೆಯ ಮನೆಯೂ ಬಚ್ಚಲುಮನೆಯೂ ಮಣ್ಣಿನೊಳಗಾದವು. ನಮ್ಮ ಮನೆಯಾಕೆ ದಿನವೂ ಐದು ಗಂಟೆಗೆ ಎದ್ದು ಬಚ್ಚಲಿನ ಒಲೆಗೆ ಬೆಂಕಿ ಹಾಕುವುದು ನಲವತ್ತು ವರ್ಷಗಳ ರೂಢಿ. ಆ ಒಂದು ಗಂಟೆಯ ಅಂತರವನ್ನು ನೆನೆದರೆ ಇಂದಿಗೂ ಕೈಕಾಲು ತಣ್ಣಗಾಗುತ್ತವೆ. ಯಂತ್ರದವನನ್ನು ದೂರುವುದರಲ್ಲಿ ಅರ್ಥವಿಲ್ಲ. ನಾವು ತೋರಿಸಿದಲ್ಲಿ ಅವನು ಅಗೆದನು. ಆಕೆ ಒಂದೇ ಮಾತು ಹೇಳಿದಳು: “ಕಾರು ಮಳೆಯಲ್ಲಿ ನೆನೆದರೆ ಏನಾಗುತ್ತಿತ್ತು?”

ಹದಿನಾಲ್ಕು ಅಡಿಯ ನಮ್ಮ ಧರೆಯ ಮಾತೇ ಹೀಗಾದರೆ ದೊಡ್ಡವುಗಳ ಮಾತೇನು! ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಮನೆಮಠಗಳು ಹೋದುದನ್ನೂ, ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವು ಕುಸಿದು ಜೀವಹಾನಿಯಾದುದನ್ನೂ ವಾಚಕರು ಮರೆತಿರಲಾರರು. ಆದಕಾರಣ ಮೂರನೆಯ ಪತ್ರದವರಿಗೆ ನಮ್ಮ ಉತ್ತರವು ಯಂತ್ರದ ಗಾತ್ರವನ್ನು ಕುರಿತದ್ದಲ್ಲ. ಧರೆಯ ಬುಡವನ್ನು ಮುಟ್ಟಬೇಡಿರಿ. ಮುಟ್ಟಲೇಬೇಕಾದ ಪ್ರಸಂಗವಿದ್ದರೆ ನೆಲವನ್ನು ಬಲ್ಲ ಇಂಜಿನಿಯರನ್ನು ಮೊದಲು ಕರೆಸಿರಿ, ಯಂತ್ರವನ್ನು ಆಮೇಲೆ.

ಮಿಕ್ಕ ಇಬ್ಬರ ಪ್ರಶ್ನೆಗೆ ಈಗ ಬರೋಣ.

ಆರು ಟನ್ನಿನೊಳಗಿನ ಚೈನುಯಂತ್ರವನ್ನು ಸಾಮಾನ್ಯವಾಗಿ ಮಿನಿ ಹಿಟಾಚಿ ಎನ್ನುತ್ತಾರೆ. ಜಪಾನಿನವರು ೧೯೭೦ರ ಆಸುಪಾಸಿನಲ್ಲಿ, ತಮ್ಮ ಊರುಗಳ ಇಕ್ಕಟ್ಟಿನ ಓಣಿಗಳಲ್ಲಿಯೂ ಮನೆಗಳ ನಡುವೆಯೂ ಗುದ್ದಲಿಯ ಕೆಲಸವನ್ನು ತಪ್ಪಿಸುವುದಕ್ಕಾಗಿ ಇದನ್ನು ರೂಪಿಸಿದರು. ಆದುದರಿಂದ ಇದರ ಗುಣಗಳೆಲ್ಲ ಇಕ್ಕಟ್ಟಿನಿಂದ ಹುಟ್ಟಿದವು. ಒಂದೂವರೆ ಟನ್ನಿನ ಆಸುಪಾಸಿನದು ಮೂರೂಕಾಲು ಅಡಿ ಅಗಲದ ದಾರಿಯಲ್ಲಿ ನುಗ್ಗಿ ಏಳು ಏಳೂವರೆ ಅಡಿ ಆಳಕ್ಕೆ ಅಗೆಯಬಲ್ಲುದು. ಮೂರು ಟನ್ನಿನದಕ್ಕೆ ಐದಡಿ ಅಗಲ ಬೇಕು. ಆಳವು ಒಂಬತ್ತರಿಂದ ಹತ್ತಡಿ. ಐದು ಟನ್ನಿನದಕ್ಕೆ ಆರೂವರೆ ಅಡಿ ಅಗಲ. ಆಳವು ಹನ್ನೊಂದಕ್ಕೆ ಮೇಲೆ. ಜೆಸಿಬಿಯಾದರೋ ಏಳೂವರೆ ಅಡಿ ಅಗಲವಿದ್ದು ಹದಿನಾಲ್ಕಡಿಗಿಂತ ಆಳಕ್ಕೆ ಕೈಚಾಚುತ್ತದೆ, ಏಳೆಂಟು ಟನ್ನು ತೂಗುತ್ತದೆ. ಮಾಡುವವರನ್ನನುಸರಿಸಿ ಈ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯುಂಟು. ಯಂತ್ರವನ್ನು ಗೊತ್ತುಮಾಡುವಾಗ ಅದರ ಅಳತೆಯನ್ನು ಕೇಳಿ ಬರೆದುಕೊಳ್ಳುವುದು ಲೇಸು. ಆಮೇಲೆ ಒಂದು ಬಿದಿರಿನ ಗಳವನ್ನು ಆ ಅಗಲಕ್ಕೆ ಒಂದಡಿ ಹೆಚ್ಚಾಗಿ ಕತ್ತರಿಸಿ, ಹೆಬ್ಬಾಗಿಲಿನಿಂದ ಕೆಲಸದ ಜಾಗದವರೆಗೆ ಅಡ್ಡವಾಗಿ ಹಿಡಿದು ನಡೆಯಿರಿ. ಗಳವು ಎಲ್ಲಿ ತಾಗಿತೋ ಅಲ್ಲಿ ಯಂತ್ರವೂ ತಾಗುವುದು. ತಲೆಯ ಮೇಲಿನ ಕರೆಂಟಿನ ತಂತಿಗಳನ್ನು ನೋಡಲೂ ಮರೆಯಬಾರದು. ಎತ್ತಿದ ತೋಳು ಮಾಡಿನ ಎತ್ತರವನ್ನು ಮೀರುವುದು.

ಗಾತ್ರವನ್ನು ನಿಶ್ಚಯಿಸುವ ಮುನ್ನ ಕೆಲಸವನ್ನು ಲೆಕ್ಕಹಾಕಬೇಕು. ನಮ್ಮಲ್ಲಿ ಬಹುಮಂದಿ ಇದನ್ನು ಮಾಡುವುದಿಲ್ಲ, ಕಣ್ಣಳತೆಯಲ್ಲೇ ಮುಗಿಸುತ್ತಾರೆ. ನೂರಡಿ ಉದ್ದ, ಎರಡಡಿ ಅಗಲ, ಮೂರಡಿ ಆಳದ ಅಗಳೆಂದಿಟ್ಟುಕೊಳ್ಳಿ: ಆರುನೂರು ಘನ ಅಡಿಗಳಾಯಿತು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಕಾಲುಭಾಗ ಹೆಚ್ಚೆಂದರೆ ಏಳುನೂರೈವತ್ತು. ಟ್ರ್ಯಾಕ್ಟರಿನ ಟ್ರೈಲರಿಗೆ ನೂರು ಘನ ಅಡಿಗಳಂತೆ ಏಳೆಂಟು ಲೋಡು. ಇಷ್ಟು ಮಣ್ಣನ್ನು ಎಲ್ಲಿ ಹಾಕುವಿರೆಂಬುದು ಯಂತ್ರವು ಬರುವ ಮುನ್ನವೇ ಗೊತ್ತಿರಬೇಕು. ಇಲ್ಲದಿದ್ದರೆ ಯಂತ್ರವು ಗಂಟೆಯ ಬಾಡಿಗೆಯನ್ನು ತಿನ್ನುತ್ತ ನಿಂತಿರುವಾಗ ಯಜಮಾನರು ನೆರೆಮನೆಯವರೊಡನೆ ಸಂಧಾನಕ್ಕೆ ಹೋಗಬೇಕಾದೀತು. ಇನ್ನು ಮೂರು ಟನ್ನಿನ ಯಂತ್ರದ ಬಕೆಟ್ಟಿನಲ್ಲಿ ಸುಮಾರು ಎರಡೂಮುಕ್ಕಾಲು ಘನ ಅಡಿ ಮಣ್ಣು ಹಿಡಿಯುವುದು. ಹಾಗಾದರೆ ಇನ್ನೂರೆಪ್ಪತ್ತು ಬಕೆಟ್ಟುಗಳು. ನಿಮಿಷಕ್ಕೆ ಎರಡರಂತೆ ಎರಡೂಕಾಲು ಗಂಟೆ. ಬೇರುಕಲ್ಲುಗಳ ತಂಟೆಯನ್ನೂ, ಹಿಂದೆಮುಂದೆ ಸರಿಯುವುದನ್ನೂ ಕೂಡಿಸಿದರೆ ಅರ್ಧ ದಿನ. ಅದೇ ಕೆಲಸಕ್ಕೆ ನಾಲ್ಕು ಆಳು ಮೂರು ದಿನ ಗುದ್ದಲಿ ಹಿಡಿಯುತ್ತಿದ್ದರು. ದೊಡ್ಡ ಯಂತ್ರವಾದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತೆನ್ನುವವರುಂಟು. ಮುಗಿಯುತ್ತಿತ್ತು, ಆದರೆ ಎರಡಡಿಯ ಅಗಳು ಅದರ ಬಕೆಟ್ಟಿನ ಅಗಲಕ್ಕೆ ನಾಲ್ಕಡಿಯಾಗುತ್ತಿತ್ತು, ತೋಟದ ನೆಲವು ಚೈನಿನ ಭಾರಕ್ಕೆ ಬಿಗಿದು ಎರಡು ವರ್ಷ ನೀರು ಕುಡಿಯುತ್ತಿರಲಿಲ್ಲ. ಸಣ್ಣ ಯಂತ್ರದ ಭಾರವು ಅಗಲವಾದ ರಬ್ಬರಿನ ಚೈನುಗಳ ಮೇಲೆ ಹರಡುವುದರಿಂದ ನೆಲದ ಮೇಲೆ ಬೀಳುವ ಒತ್ತಡವು ನಿಂತ ಮನುಷ್ಯನ ಪಾದದ ಒತ್ತಡಕ್ಕೆ ಹತ್ತಿರಹತ್ತಿರ ಸಮವಾಗಿರುತ್ತದೆ. ಅಡಕೆಯ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಹರಡುವಂಥವಾದುದರಿಂದ ತೋಟದವರಿಗೆ ಇದೇನೂ ಸಣ್ಣ ಸಂಗತಿಯಲ್ಲ.

ಗಾತ್ರವಾದ ಮೇಲೆ ನೋಡಬೇಕಾದುದು ಕೆಲವು ಅಂಗಗಳನ್ನು. ಮೇಲ್ಭಾಗವು ತಿರುಗುವಾಗ ಹಿಂಬದಿಯು ಚೈನಿನ ಅಗಲವನ್ನು ಮೀರಿ ಹೊರಕ್ಕೆ ಬರುವುದೋ ಇಲ್ಲವೋ ಎಂಬುದು ಮೊದಲನೆಯದು. ಹೊರಬರದಂತೆ ಕಟ್ಟಿದ ಯಂತ್ರಗಳುಂಟು. ಗೋಡೆಯ ಮಗ್ಗುಲಲ್ಲಿ ಕೆಲಸವಿದ್ದವರು ಅಂಥದನ್ನೇ ಕೇಳಬೇಕು. ಚಾಲಕನ ಕಣ್ಣು ಮುಂದಿನ ಬಕೆಟ್ಟಿನ ಮೇಲೆ ಇರುತ್ತದೆ, ಗೋಡೆಯನ್ನು ಗುದ್ದುವುದು ಹಿಂಬದಿ. ತೋಳು ಬುಡದಲ್ಲಿಯೇ ಎಡಕ್ಕೂ ಬಲಕ್ಕೂ ಮಣಿಯುವಂತಿದ್ದರೆ ಗೋಡೆಗೆ ಒತ್ತಿಕೊಂಡು ಕಾಲುವೆಯನ್ನು ತೆಗೆಯಬಹುದು. ಮುಂದುಗಡೆ ನೆಲಮಟ್ಟದಲ್ಲಿ ಒಂದು ಬ್ಲೇಡು ಇರುತ್ತದೆ. ಅಗೆದ ಮಣ್ಣನ್ನು ಹಿಂದಕ್ಕೆ ತಳ್ಳಿ ಮುಚ್ಚುವುದಕ್ಕೂ, ಅಗೆಯುವಾಗ ನೆಲಕ್ಕೆ ಊರಿ ಯಂತ್ರವು ಅಲುಗದಂತೆ ಹಿಡಿಯುವುದಕ್ಕೂ ಅದೇ ಆಧಾರ. ರಬ್ಬರಿನ ಚೈನು ಅಂಗಳದ ಇಂಟರ್‌ಲಾಕ್ ಕಲ್ಲುಗಳನ್ನು ಒಡೆಯುವುದಿಲ್ಲ, ಆದರೆ ಚೂಪಾದ ಕಲ್ಲುನೆಲದಲ್ಲಿ ತಾನೇ ಹರಿಯುತ್ತದೆ. ಕಬ್ಬಿಣದ ಚೈನಿನ ಗುಣವು ಇದಕ್ಕೆ ತಿರುಗುಮುರುಗು. ಬಕೆಟ್ಟುಗಳನ್ನು ಬದಲಾಯಿಸಬಹುದು: ಪೈಪು ಹೂಳುವುದಕ್ಕೆ ಒಂದಡಿಯದು, ಅಗಳಿಗೆ ಎರಡಡಿಯದು, ಇಳಿಜಾರನ್ನು ಸವರುವುದಕ್ಕೆ ಹಲ್ಲಿಲ್ಲದ ಮೂರುನಾಲ್ಕಡಿಯದು. ಬಾಡಿಗೆಯವರು ಕೇಳದಿದ್ದರೆ ಒಂದನ್ನೇ ತರುತ್ತಾರೆ; ಕೇಳಿದರೆ ಉಳಿದವುಗಳನ್ನೂ ಅದೇ ಲಾರಿಯಲ್ಲಿ ಹಾಕಿಕೊಂಡು ಬರುತ್ತಾರೆ.

ಜೆಸಿಬಿಯ ಪಕ್ಷವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಅದು ತನ್ನ ಕಾಲಮೇಲೆ ತಾನೇ ರಸ್ತೆಯಲ್ಲಿ ಬರುತ್ತದೆ. ಚೈನುಯಂತ್ರವು ಗಂಟೆಗೆ ಮೂರುನಾಲ್ಕು ಕಿಲೋಮೀಟರು ತೆವಳುವಂಥದು. ಅದನ್ನು ಲಾರಿಯ ಮೇಲೆ ತರಬೇಕು, ಆ ಬಾಡಿಗೆ ಬೇರೆ. ವಿಶಾಲವಾದ ಗದ್ದೆಯನ್ನು ಮಟ್ಟಮಾಡಿ ಮಣ್ಣನ್ನು ಟಿಪ್ಪರಿಗೆ ತುಂಬುವ ಕೆಲಸವಿದ್ದರೆ ಜೆಸಿಬಿಯೇ ಸರಿ. ಹಿತ್ತಿಲಿಗಲ್ಲ.

ನಮ್ಮ ಮನೆಗೆ ಮಿನಿಯಂತ್ರವು ಬಂದುದು ೨೦೨೨ರ ಮಾರ್ಚಿಯಲ್ಲಿ. ಮೂರು ವರ್ಷ ಏಕೆ ತಡೆದಿರೆಂದು ಕೇಳಬಹುದು. ಒಂದು ವರ್ಷ ಹೆದರಿಕೆಯಿಂದ; ಎರಡು ವರ್ಷ ಹಣದ ಅಡಚಣೆಯಿಂದ. ಅಷ್ಟರಲ್ಲಿ ಇಂಜಿನಿಯರರು ನೋಡಿಹೋಗಿದ್ದರು. ಅವರ ಸಲಹೆ ಮೂರು: ಕುಸಿದ ಧರೆಯನ್ನು ನಡುವೆ ಐದಡಿ ಮಟ್ಟವಾದ ಜಾಗವಿರುವಂತೆ ಎರಡು ಮೆಟ್ಟಿಲಾಗಿ ಹಿಂದಕ್ಕೆ ವಾಲಿಸುವುದು, ಮೇಲ್ಗಡೆ, ಧರೆಯ ಅಂಚಿನಿಂದ ಸಾಕಷ್ಟು ದೂರದಲ್ಲಿ, ಗುಡ್ಡದ ನೀರನ್ನು ತಡೆದು ಮಗ್ಗುಲಿನ ಹಳ್ಳಕ್ಕೆ ತಿರುಗಿಸುವ ನೂರಡಿಯ ಅಗಳು, ಮೆಟ್ಟಿಲುಗಳ ಮೇಲೆ ಲಾವಂಚ. ಗುಡ್ಡದ ಮೇಲಕ್ಕೆ ಇದ್ದುದು ಆರಡಿ ಅಗಲದ ಸೊಪ್ಪಿನ ದಾರಿ. ಹೀಗಾಗಿ ಯಂತ್ರದ ಆಯ್ಕೆಯು ನಮ್ಮ ಕೈಯಲ್ಲಿರಲೇ ಇಲ್ಲ. ಮೂರು ಟನ್ನಿನದೇ ಬರಬೇಕಾಯಿತು.

ಅದನ್ನು ನಡೆಸಲು ಬಂದವನು ವಿಜಾಪುರದ ಕಡೆಯ ಹುಡುಗ. ಇಪ್ಪತ್ತೈದು ವರ್ಷ ಇರಬಹುದು. ಯಂತ್ರವನ್ನು ಲಾರಿಯಿಂದ ಇಳಿಸುವ ಮೊದಲು ಬರಿಗೈಯಲ್ಲಿ ಗುಡ್ಡವನ್ನು ಹತ್ತಿ, ಸುತ್ತಾಡಿ, ಒಂದು ಹಿಡಿ ಶೇಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಕೆಳಗಿಳಿದು ಬಂದನು. “ಮಾಸ್ತರ್ರ, ಮಳಿಗಾಲದಾಗ ಮ್ಯಾಲಿನ ನೀರು ಯಾವ ಕಡಿ ಹೊಕ್ಕೈತ್ರೀ?” ಎಂದು ಕೇಳಿದನು. ೨೦೧೯ರಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಅದೇ ಮನೆಯಲ್ಲಿ ಹುಟ್ಟಿಬೆಳೆದ ನಾವೂ ಕೇಳಿಕೊಂಡಿರಲಿಲ್ಲ. ಮಳೆಯನ್ನೇ ಅಪರೂಪವಾಗಿ ಕಾಣುವ ಸೀಮೆಯ ಹುಡುಗ ಕೇಳಿದನು! ನಾವು ಹಳ್ಳದ ಕಡೆಗೆ ಕೈ ತೋರಿಸಿದೆವು. ಅವನು ದಾರಕ್ಕೆ ಗೂಟಗಳನ್ನು ಹೊಡೆಸಿ, ನೂರಡಿಗೆ ಒಂದಡಿಯಂತೆ ಇಳಿಜಾರು ಬರುವಂತೆ ಗುರುತು ಮಾಡಿಸಿದನು. ನೀರು ಅಗಳಿನಲ್ಲಿ ನಿಂತರೆ ಇಂಗಿ ಧರೆಯೊಳಕ್ಕೇ ಇಳಿಯುವುದಷ್ಟೆ, ಹರಿದುಹೋಗಬೇಕು.

ಇಂಗುಗುಂಡಿಯ ವಿಚಾರವಾಗಿ ಬರೆದವರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ. ನೀರನ್ನು ಇಂಗಿಸುವುದು ಪುಣ್ಯಕಾರ್ಯವೇ ಸರಿ. ಆದರೆ ಧರೆಯ ತಲೆಯ ಮೇಲೆಯೂ ಮನೆಯ ಪಾಯದ ಮಗ್ಗುಲಲ್ಲಿಯೂ ಇಂಗಿಸಿದ ನೀರು ಬಾವಿಗೆ ಹೋಗುವ ಮೊದಲು ಮನೆಯನ್ನು ವಿಚಾರಿಸಿಕೊಂಡು ಹೋಗುತ್ತದೆ. ಗುಂಡಿಗಳನ್ನು ಮನೆಯಿಂದ ಕೆಳಗೆ, ತೋಟದ ಕಡೆಗೆ ತೋಡಿಸಿರಿ. ಅದಕ್ಕೆ ಒಂದೂವರೆ ಟನ್ನಿನ ಯಂತ್ರವೇ ಧಾರಾಳವಾಯಿತು.

ಕೆಲಸವು ಎರಡು ದಿನ ನಡೆಯಿತು. ಮೇಲಿನ ಒಂದು ಗೇಣು ಕರಿಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ಕಡೆಯಲ್ಲಿ ಮತ್ತೆ ಮೇಲೆಯೇ ಹರಡಬೇಕೆಂದು ನಾವು ಹಟಹಿಡಿದೆವು. ಹುಡುಗನಿಗೆ ಅದು ಬೇಸರದ ಕೆಲಸ, ಆದರೂ ಮಾಡಿದನು. ಅಗಳಿನ ದಾರಿಯಲ್ಲಿ ಹಲಸಿನ ಮರದ ಒಂದು ಬೇರು ಅಡ್ಡಬಂದಿತು. ತೊಡೆಗಾತ್ರದ್ದು. ದೊಡ್ಡ ಯಂತ್ರವಾಗಿದ್ದರೆ ಬೇರು ಸಿಕ್ಕಿತೆಂಬುದೇ ತಿಳಿಯುತ್ತಿರಲಿಲ್ಲ. ಇವನು ಬಕೆಟ್ಟಿನ ತುದಿಯಿಂದ ಸುತ್ತಲಿನ ಮಣ್ಣನ್ನು ಕೆದಕಿ, ಕೆಳಗಿಳಿದು ಬಂದು ನೋಡಿ, “ಇದನ್ನ ಕಡದ್ರ ಗಿಡ ಇತ್ತಾಗ ವಾಲತೈತ್ರೀ” ಎಂದು ಅಗಳನ್ನು ನಾಲ್ಕಡಿ ಮೇಲಕ್ಕೆ ಬಳಸಿಕೊಂಡು ಹೋದನು. ನೂರಡಿಯ ಅಗಳು ನೂರಹತ್ತಡಿಯಾಯಿತು. ಮರವು ಇನ್ನೂ ಇದೆ, ಕಳೆದ ಬೇಸಿಗೆಯಲ್ಲಿ ಬೇಡವೆಂದರೂ ಕಾಯಿ ಕೊಟ್ಟಿತು.

ಇದನ್ನೆಲ್ಲ ನೋಡುತ್ತಿದ್ದ ನಮ್ಮ ಸೋದರಳಿಯನಿಗೆ ಯಂತ್ರವನ್ನು ಕೊಳ್ಳುವ ಹುಚ್ಚು ಹಿಡಿಯಿತು. “ಮಾವ, ಗಂಟೆಗೆ ಸಾವಿರದ ನೂರರಂತೆ ಎಷ್ಟೆಂದು ಕೊಡುತ್ತೀರಿ? ನಾವೇ ಒಂದು ಇಟ್ಟುಕೊಂಡರೆ ಊರಿಗೆಲ್ಲ ಬಾಡಿಗೆಗೂ ಕೊಡಬಹುದು” ಎಂದನು. ನಾವು ಕಾಗದ ತೆಗೆದುಕೊಂಡು ಕುಳಿತೆವು. ಒಳ್ಳೆಯ ಕಂಪನಿಯ ಹೊಸ ಯಂತ್ರಕ್ಕೆ ಹತ್ತಾರು ಲಕ್ಷ ರೂಪಾಯಿ. ನಮ್ಮ ಮನೆಗೆ ವರ್ಷಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕೆಲಸ. ಎಂದರೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಬ್ಯಾಂಕಿನ ಬಡ್ಡಿಯೇ ಅದರ ಹಲವು ಪಟ್ಟಾಯಿತು. ಬಾಡಿಗೆಗೆ ಕೊಡುವುದಾದರೆ ಚಾಲಕ ಬೇಕು, ಲಾರಿ ಬೇಕು, ದುರಸ್ತಿಯವನು ಬೇಕು. ಅದು ಗೃಹಕೃತ್ಯವಲ್ಲ, ವ್ಯಾಪಾರ. ಆಗ ಅವನು ಮೊಬೈಲಿನಲ್ಲಿ ಒಂದು ಟನ್ನಿನ ಅಗ್ಗದ ಯಂತ್ರಗಳನ್ನು ತೋರಿಸಿದನು. ಹೆಸರು ಕೇಳದವರು ಮಾಡಿದ್ದು, ಬಣ್ಣ ಚೆನ್ನಾಗಿತ್ತು. ಅಷ್ಟು ಹಗುರವಾದುದು ಇಳಿಜಾರಿನಲ್ಲಿ ತುಂಬಿದ ಬಕೆಟ್ಟನ್ನು ಪಕ್ಕಕ್ಕೆ ಚಾಚಿದರೆ ತಾನೇ ಮಗುಚುವ ಭಯವುಂಟು; ಒಂದು ಹೋಸುಪೈಪು ಒಡೆದರೆ ಅದರ ಬಿಡಿಭಾಗವು ಎಲ್ಲಿ ದೊರೆಯುವುದೆಂದು ಮಾರುವವನಿಗೂ ತಿಳಿಯದು. ಹತ್ತಾರು ಎಕರೆ ತೋಟವುಳ್ಳವರು, ವರ್ಷಕ್ಕೆ ಮುನ್ನೂರು ನಾನ್ನೂರು ಗಂಟೆಗಳ ಸ್ವಂತ ಕೆಲಸವಿದ್ದವರು, ಹತ್ತಿರದ ಪಟ್ಟಣದಲ್ಲಿ ಬಿಡಿಭಾಗಗಳ ಅಂಗಡಿಯಿರುವ ಕಂಪನಿಯದನ್ನು ಕೊಂಡರೆ ಕೊಳ್ಳಲಿ. ಹಳೆಯದನ್ನು ಕೊಳ್ಳುವವರು ತೋಳಿನ ಕೀಲುಗಳಲ್ಲಿ ಸಡಿಲವೆಷ್ಟಿದೆ, ಮೇಲ್ಭಾಗವನ್ನು ಕೈಯಿಂದ ಅಲುಗಿಸಿದರೆ ಆಟವಾಡುತ್ತದೆಯೇ, ಎಣ್ಣೆ ಸೋರುತ್ತದೆಯೇ, ಚೈನು ಸವೆದಿದೆಯೇ ಎಂಬುದನ್ನು ಬಲ್ಲವರಿಂದ ನೋಡಿಸದೆ ಮುಂಗಡ ಕೊಡಬಾರದು.

ಬಾಡಿಗೆಗೆ ತರಿಸುವವರಿಗೆ ಲೆಕ್ಕದ ವಿಷಯವಾಗಿ ಎರಡು ಮಾತು. ಯಂತ್ರದಲ್ಲಿ ಗಂಟೆಗಳನ್ನು ಎಣಿಸುವ ಮೀಟರು ಇರುತ್ತದೆ. ಕೆಲಸ ಆರಂಭವಾಗುವಾಗಲೂ ಮುಗಿದಾಗಲೂ ಅದರ ಅಂಕಿಯನ್ನು ಚಾಲಕನ ಎದುರಿಗೇ ಓದಿ ಬರೆದುಕೊಳ್ಳಬೇಕು. ನಾವು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆವು, ಹಳೆಯ ಅಭ್ಯಾಸ. ತರುವ ಒಯ್ಯುವ ಬಾಡಿಗೆಯೂ, ಕನಿಷ್ಠ ಇಷ್ಟು ಗಂಟೆಯೆಂಬ ಕರಾರೂ ಮೊದಲೇ ತಿಳಿದಿರಲಿ. ಮೇ ತಿಂಗಳವರೆಗೆ ಕಾಯುವವರು ಹೆಚ್ಚು ಹಣವನ್ನೂ ಕೊಡುತ್ತಾರೆ, ಯಂತ್ರಕ್ಕಾಗಿ ಸಾಲಿನಲ್ಲಿಯೂ ನಿಲ್ಲುತ್ತಾರೆ; ಮಳೆಗೆ ಮುಂಚೆ ಎಲ್ಲರಿಗೂ ಒಮ್ಮೆಲೇ ಅಗಳಿನ ನೆನಪಾಗುವುದು. ಡಿಸೆಂಬರಿನಿಂದ ಮಾರ್ಚಿಯ ಒಳಗಾದರೆ ನೆಲವೂ ಹದವಾಗಿರುತ್ತದೆ. ನೆರೆಮನೆಯವರಿಗೂ ಅಂದೇ ಕೆಲಸವಿದ್ದರೆ ಲಾರಿಯ ಬಾಡಿಗೆಯನ್ನು ಹಂಚಿಕೊಳ್ಳಬಹುದು. ನಾವು ಹಾಗೆಯೇ ಮಾಡಿದೆವು.

ಕಡೆಯದಾಗಿ ಮಕ್ಕಳುಮರಿಯಿರುವ ಮನೆಗಳವರಿಗಾಗಿ. ಯಂತ್ರವು ತಿರುಗುವ ವೃತ್ತದೊಳಗೆ ಯಾರೂ ಕಾಲಿಡಬಾರದು. ಕಾಫಿ ಕೊಡುವುದಕ್ಕೆ ಹೋಗುವವರೂ ಕೂಡ ಬಕೆಟ್ಟು ನೆಲವನ್ನು ಮುಟ್ಟಿ ಇಂಜಿನು ನಿಂತ ಮೇಲೆಯೇ ಹೋಗಬೇಕು. ಐದಡಿಗಿಂತ ಆಳವಾದ ಕಾಲುವೆಯೊಳಕ್ಕೆ ಗೋಡೆಗಳಿಗೆ ಆಧಾರ ಕೊಡದೆ ಯಾರನ್ನೂ ಇಳಿಸಬಾರದು. ಒಂದು ಘನ ಅಡಿ ಹಸಿಮಣ್ಣು ಐವತ್ತು ಕಿಲೋ ತೂಗುತ್ತದೆ. ಎದೆಮಟ್ಟ ಕುಸಿದರೂ ಮನುಷ್ಯನು ಉಸಿರಾಡಲಾರನು. ಅಗೆದ ಮಣ್ಣನ್ನು ಅಂಚಿಗೆ ರಾಶಿಹಾಕಿದರೆ ಅದರ ಭಾರವೇ ಅಂಚನ್ನು ಕೆಡವುತ್ತದೆ. ನಾಲ್ಕೈದು ಅಡಿ ದೂರಕ್ಕೆ ಹಾಕಿಸಿರಿ. ಹೂತಿರುವ ಪೈಪು ಕೇಬಲ್ಲುಗಳ ಜಾಗವನ್ನು ಸುಣ್ಣದ ಗೆರೆಯಿಂದ ಗುರುತಿಸಿಡಿ. ೨೦೧೯ರಲ್ಲಿ ನಮ್ಮ ಪೈಪು ಒಡೆದುದು ಅದು ಎಲ್ಲಿದೆಯೆಂಬುದು ನಮಗೇ ಮರೆತುಹೋಗಿದ್ದರಿಂದ.

ನಮ್ಮ ಧರೆಯ ಮೇಲೆ ಲಾವಂಚವು ಈಗ ಸೊಂಟದೆತ್ತರಕ್ಕೆ ಬೆಳೆದಿದೆ. ಮೇಲಿನ ಅಗಳನ್ನು ಪ್ರತಿವರ್ಷ ಮೇ ತಿಂಗಳಲ್ಲಿ ಗುದ್ದಲಿಯಿಂದ ನಾವೇ ಬಿಡಿಸುತ್ತೇವೆ. ಅರ್ಧ ದಿನದ ಕೆಲಸ, ಬೆನ್ನು ಮಾತ್ರ ಎರಡು ದಿನ ನೋಯುವುದು. ಬಚ್ಚಲುಮನೆಯನ್ನು ಮನೆಯ ಮುಂಬದಿಗೆ ತಂದು ಕಟ್ಟಿಸಿದ್ದಾಗಿದೆ. ಜುಲೈ ಆಗಸ್ಟಿನ ರಾತ್ರಿಗಳಲ್ಲಿ ಮಳೆ ಬಿರುಸಾದರೆ ನಮ್ಮ ಮನೆಯಾಕೆ ಈಗಲೂ ಎದ್ದು ಹಿಂದಿನ ಕಿಟಕಿಯಿಂದ ಟಾರ್ಚು ಹಾಕಿ ನೋಡುತ್ತಾಳೆ. ಕಾರು ಹೆಬ್ಬಾಗಿಲಿನ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ ನಿಲ್ಲುತ್ತದೆ. ಕಿತ್ತ ಕಂಬವನ್ನು ಇನ್ನೂ ನಿಲ್ಲಿಸಿಲ್ಲ.